ಬೆಂಡೆ ಎಲೆಯ ಲೋಳೆ ಮತ್ತು ನನ್ನ ಎರಡು ತಿಂಗಳು

ಅಮ್ಮ ಪ್ರತಿ ಭಾನುವಾರ ಫೋನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಕಣೇ, ದಿನಾ ಲ್ಯಾಬಿಗೆ ಹೋಗಿ ಅಂಥದ್ದೇನು ಮಾಡ್ತೀಯ?" ಮೊದಮೊದಲು ಜೀನ್, ಕ್ರೋಮೋಸೋಮ್ ಅಂತೆಲ್ಲ ಶುರು ಮಾಡುತ್ತಿದ್ದೆ. ಈಗ ನಿಜವನ್ನೇ ಹೇಳಿಬಿಡುತ್ತೇನೆ. "ಸೊಪ್ಪು ಅರೀತೀನಿ ಕಣಮ್ಮ."

ತಮಾಷೆ ಅಲ್ಲ. ಗಿಡವೋ, ದನವೋ, ಬ್ಯಾಕ್ಟೀರಿಯಾವೋ, ಮನುಷ್ಯನೋ, ಯಾವುದರ ಜೀನ್ ಬಗ್ಗೆ ಏನು ತಿಳಿಯಬೇಕಿದ್ದರೂ ಮೊದಲು ಡಿಎನ್‌ಎ ಹೊರಗೆ ತೆಗೆಯಬೇಕು. ಪೇಪರುಗಳಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲು: "ಎಲೆಯಿಂದ ಡಿಎನ್‌ಎ ಬೇರ್ಪಡಿಸಲಾಯಿತು." ಆ ಒಂದು ಸಾಲಿಗೆ ನನ್ನ ಎರಡು ತಿಂಗಳು ಹೋಯಿತು.

ನಾನು ಮೊದಲು ಕೆಲಸ ಮಾಡುತ್ತಿದ್ದದ್ದು ಬ್ಯಾಕ್ಟೀರಿಯಾ ಮೇಲೆ, ಅದೂ ಇ. ಕೋಲಿ (E. coli) ಅನ್ನುವ ಸುಲಭದ ಬ್ಯಾಕ್ಟೀರಿಯಾ ಮೇಲೆ. ಅದರ ಡಿಎನ್‌ಎ ತೆಗೆಯೋದು ಅಂದರೆ ಕೆಲಸವೇ ಅಲ್ಲ. ಪ್ಲೇಟಿನಿಂದ ಒಂದು ಚುಕ್ಕೆ ಎತ್ತಿ, ನೀರಿಗೆ ಹಾಕಿ, ಹತ್ತು ನಿಮಿಷ ಕುದಿಸಿದರೆ ಪಿಸಿಆರ್ ಮಾಡುವಷ್ಟು, ಅಂದರೆ ಬೇಕಾದ ಡಿಎನ್‌ಎ ತುಂಡನ್ನು ಕೋಟಿಗಟ್ಟಲೆ ನಕಲು ಮಾಡುವಷ್ಟು, ಸಿಕ್ಕಿಬಿಡುತ್ತದೆ. ಎಲ್ಲಾ ಬ್ಯಾಕ್ಟೀರಿಯಾನೂ ಹೀಗಲ್ಲ, ಕೆಲವಕ್ಕೆ ಗೋಡೆ ಬಲು ದಪ್ಪ, ಅದನ್ನು ಒಡೆಯಲು ಲೈಸೋಜೈಮ್ ಹಾಕುತ್ತಾರೆ, ಅದು ಬರುವುದು ಕೋಳಿಮೊಟ್ಟೆಯ ಬಿಳಿ ಭಾಗದಿಂದ. ಆದರೆ ನನಗೆ ಆ ಕಷ್ಟ ಬಂದಿರಲಿಲ್ಲ. ಹಾಗಾಗಿ ಗಿಡದ ಲ್ಯಾಬಿಗೆ ಸೇರಿ, ಬೆಂಡೆ ಗಿಡದ ಹಳದಿ ನಂಜು ರೋಗ ನೋಡ್ಕೋ ಅಂದಾಗ ಖುಷಿಯಿಂದ ಹೂಂ ಅಂದೆ.

ಆ ರೋಗ ನೋಡಿದವರಿಗೆ ಗೊತ್ತು. ಎಲೆಯ ನರಗಳೆಲ್ಲ ಹಳದಿಯಾಗಿ, ಹಸಿರು ಬಟ್ಟೆ ಮೇಲೆ ಹಳದಿ ಜಾಲರಿ ಹೆಣೆದ ಹಾಗೆ ಕಾಣುತ್ತದೆ. ಕಾಯಿ ಬಿಳಿಚಿಕೊಂಡು ಗಟ್ಟಿಯಾಗುತ್ತದೆ, ಮಾರ್ಕೆಟ್ಟಿನಲ್ಲಿ ಯಾರೂ ಕೇಳುವುದಿಲ್ಲ. ಹರಡುವುದು ಬಿಳಿನೊಣ. ಕಾರಣ ಒಂದು ವೈರಸ್. ಇದರ ಡಿಎನ್‌ಎ ಉಂಗುರದ ಆಕಾರದ್ದು, ಸುಮಾರು 2,700 ಅಕ್ಷರ ಅಷ್ಟೇ (ಡಿಎನ್‌ಎ ಸರಪಳಿಯ ಒಂದೊಂದು ಕೊಂಡಿಗೂ ನಾವು ಅಕ್ಷರ ಅಂತೀವಿ). ಬೆಂಡೆ ಗಿಡದ್ದೋ ನೂರು ಕೋಟಿಗೂ ಜಾಸ್ತಿ. ಇಷ್ಟು ಸಣ್ಣದು ಅಷ್ಟು ದೊಡ್ಡದನ್ನು ಆಡಿಸುತ್ತದೆ! 1924ರಲ್ಲೇ ಆಗಿನ ಮುಂಬೈ ಪ್ರಾಂತ್ಯದಿಂದ ಈ ರೋಗದ ವರದಿ ಬಂದಿದೆ, ಅಂದರೆ ನೂರು ವರ್ಷದ ಹಳೇ ಪರಿಚಯ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕಾಡು ಬೆಂಡೆಯ ಜೊತೆ ಸಂಕರ ಮಾಡಿ, ರೋಗ ತಡೆಯುವ ಅರ್ಕಾ ಅನಾಮಿಕ ಅನ್ನೋ ತಳಿ ತಂದರು. ಕಾಲ ಕಳೆದ ಹಾಗೆ ಅದರ ಬಲವೂ ಕುಗ್ಗಿತು, ವೈರಸ್ ಸುಮ್ನೆ ಕೂರೋದಿಲ್ಲವಲ್ಲ.

ಸರಿ, ಅರೆಯುವ ವಿಷಯಕ್ಕೆ ಬರೋಣ. ಕುಟ್ಟಾಣಿಯಲ್ಲಿ ಎಲೆ ಹಾಕಿ, ಮೇಲೆ ಲಿಕ್ವಿಡ್ ನೈಟ್ರೋಜನ್ ಸುರಿಯುತ್ತೇವೆ. ಮೈನಸ್ 196 ಡಿಗ್ರಿ. ಎಲೆ ಹಪ್ಪಳದ ಹಾಗೆ ಗರಿಗರಿಯಾಗುತ್ತದೆ, ಕರಗುವ ಮೊದಲೇ ಹಿಟ್ಟು ಮಾಡಬೇಕು. ಆ ಹಿಟ್ಟನ್ನು 65 ಡಿಗ್ರಿ ಬಿಸಿಯ ಸಿಟಿಎಬಿ ದ್ರಾವಣಕ್ಕೆ ಹಾಕುತ್ತೇವೆ. ಸಿಟಿಎಬಿ ಅಂದರೆ ಒಂದು ಥರದ ಸೋಪು ಅಂದುಕೊಳ್ಳಿ, ಮನೆಯಲ್ಲಿ ಗಾಯಕ್ಕೆ ಹಚ್ಚುವ ಸ್ಯಾವ್ಲಾನ್‌ನಲ್ಲಿರುವ ಸೆಟ್ರಿಮೈಡ್‌ನ ಒಡಹುಟ್ಟು. ಅದು ಜೀವಕೋಶದ ಪೊರೆಯ ಜಿಡ್ಡನ್ನು ಕರಗಿಸುತ್ತದೆ. ಆಮೇಲೆ ಕ್ಲೋರೋಫಾರ್ಮ್ ಹಾಕಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲಿನ ತಿಳಿ ತೆಗೆದು ಐಸೋಪ್ರೊಪನಾಲ್. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿದರೆ ಹತ್ತಿಯ ಎಳೆಯಂಥ ಬಿಳಿ ದಾರಗಳು ತೇಲಿ ಬರಬೇಕು. 1987ರಲ್ಲಿ ಡಾಯ್ಲ್ ಮತ್ತು ಡಾಯ್ಲ್ ಅನ್ನುವ ಇಬ್ಬರು ಈ ವಿಧಾನದ ಬಗ್ಗೆ ಐದು ಪುಟ ಬರೆದರು, ಗಿಡದ ಲ್ಯಾಬುಗಳಲ್ಲಿ ಇವತ್ತಿಗೂ ಅದೇ ಪಂಚಾಂಗ.

ನನಗೆ ಎಳೆ ಬರಲಿಲ್ಲ. ಸಬ್ಬಕ್ಕಿ ಪಾಯಸ ತಣ್ಣಗಾದ ಮೇಲೆ ಹೇಗಿರುತ್ತೆ, ಹಾಗಿತ್ತು. ಪಿಪೆಟ್ಟಿಗೆ ಎಳೆದರೆ ಬಾರದು, ಬಂದರೆ ಬಿಡದು. ಜೆಲ್‌ಗೆ ಹಾಕಿದರೆ (ಡಿಎನ್‌ಎಯನ್ನು ಕರೆಂಟ್ ಹರಿಸಿ ಓಡಿಸಿ ನೋಡುವ ಜೆಲ್ಲಿಯಂಥ ಹಲ್ಲೆ ಅದು) ಗುಂಡಿಯಲ್ಲೇ ಅಂಟಿ ಕೂತಿತು. ಬೆಂಡೆಯ ಲೋಳೆ ಕಾಯಲ್ಲಿ ಮಾತ್ರ ಅಂದುಕೊಂಡಿದ್ದ ದಡ್ಡಿ ನಾನು. ದಾಸವಾಳದ ಎಲೆ ಅರೆದು ತಲೆಗೆ ಹಚ್ಚಿಕೊಂಡು ಬೆಳೆದವಳಿಗೆ, ಬೆಂಡೆ ಅದೇ ಕುಟುಂಬದ್ದು ಅಂತ ಹೊಳೆಯಬೇಕಿತ್ತು, ಅಲ್ವಾ?

ಲೋಳೆ ಅಂದರೆ ಉದ್ದುದ್ದ ಸಕ್ಕರೆ ಸರಪಳಿಗಳು. ಐಸೋಪ್ರೊಪನಾಲ್ ಹಾಕಿದಾಗ ಡಿಎನ್‌ಎ ಜೊತೆಗೇ ಅವೂ ಬಂದು ಕೂರುತ್ತವೆ. ಅಮ್ಮನಿಗೆ ಹೇಳಿದೆ. ಅವಳಿಗೆ ಇದು ಸಮಸ್ಯೆಯೇ ಅಲ್ಲ. "ಸ್ವಲ್ಪ ಹುಣಸೆಹುಳಿ ಹಾಕು, ಲೋಳೆ ಹೋಗುತ್ತೆ." ಪಲ್ಯಕ್ಕೆ ಸರಿ. ಡಿಎನ್‌ಎಗೆ ಹುಳಿ ಆಗುವುದಿಲ್ಲ, ಹುಳಿಯಲ್ಲಿ ಅದರ ಅಕ್ಷರಗಳೇ ಉದುರಿಹೋಗುತ್ತವೆ. ಅದಕ್ಕೇ ನಮ್ಮ ದ್ರಾವಣವೆಲ್ಲ ಪಿಎಚ್ 8ರ ಆಸುಪಾಸು, ಹುಳಿಗೆ ಉಲ್ಟಾ. "ಹಾಗಾದ್ರೆ ಉಪ್ಪು ಜಾಸ್ತಿ ಹಾಕು, ಎಳೇದು ನೋಡಿ ಕಿತ್ಕೋ" ಅಂದಳು. ನಕ್ಕು ಫೋನ್ ಇಟ್ಟೆ. ಮೂರು ವಾರ ಆದ ಮೇಲೆ ಸೀನಿಯರ್ ಒಬ್ಬರು ಹೇಳಿದ್ದೂ ಅದೇ ಎರಡು ಮಾತು! ಉಪ್ಪು ಜಾಸ್ತಿ ಇದ್ದರೆ ಸಕ್ಕರೆ ಸರಪಳಿಗಳು ಕೆಳಗೆ ಕೂರದೆ ದ್ರಾವಣದಲ್ಲೇ ಉಳಿಯುತ್ತವೆ, ಡಿಎನ್‌ಎ ಮಾತ್ರ ಹೊರಗೆ ಬರುತ್ತದೆ. ಎಳೆ ಎಲೆಯಲ್ಲಿ ಲೋಳೆಯೂ ಕಮ್ಮಿ, ಜೀವಕೋಶಗಳು ಚಿಕ್ಕವಾದ್ದರಿಂದ ಅಷ್ಟೇ ತೂಕಕ್ಕೆ ಡಿಎನ್‌ಎಯೂ ಜಾಸ್ತಿ.

ಇನ್ನೊಂದು ಕಾಟ ಕಪ್ಪಾಗುವುದು. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತೆ, ಬಾಳೆದಿಂಡನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕುತ್ತಾರೆ. ಎಲೆ ಅರೆದಾಗಲೂ ಅದೇ ಕಥೆ, ಒಗರಿನ ಅಂಶಗಳು ಗಾಳಿ ಸೋಕಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ನಮ್ಮ ಮಜ್ಜಿಗೆ ನೀರು ಅಂದರೆ ಮರ್ಕ್ಯಾಪ್ಟೋಎಥನಾಲ್. ಕೊಳೆತ ಮೊಟ್ಟೆಯ ವಾಸನೆ. ಮುಚ್ಚಳ ತೆಗೆದರೆ ಕಾರಿಡಾರಿನ ಆ ತುದಿಯವರೂ ಬೈಯುತ್ತಾರೆ.

ಇಷ್ಟಾಗಿ ಎಳೆ ಬಂತು, ಮಷೀನ್‌ನಲ್ಲಿ ಅಳತೆಯೂ ಚೆನ್ನಾಗಿ ಬಂತು. ಪಿಸಿಆರ್ ಮಾತ್ರ ಬರಲಿಲ್ಲ. ಪಿಸಿಆರ್‌ನಲ್ಲಿ ನಕಲು ಮಾಡುವುದು, ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ಬಂದ ಟ್ಯಾಕ್ ಎನ್ನುವ ಕಿಣ್ವ. ಅದು 95 ಡಿಗ್ರಿ ಬಿಸಿಗೂ ಜಗ್ಗುವುದಿಲ್ಲ, ಆದರೆ ಚೂರು ಬೆಂಡೆ ಲೋಳೆಗೆ ಸೋತು ಕೂರುತ್ತದೆ. ನಾನು ಡಿಎನ್‌ಎ ಸಾಲಲಿಲ್ಲವೇನೋ ಅಂತ ಎರಡರಷ್ಟು ಹಾಕಿದೆ, ಮೂರರಷ್ಟು ಹಾಕಿದೆ. ಕೊನೆಗೆ ಅದೇ ಸೀನಿಯರ್ ಬಂದು "ನೀರು ಹಾಕಮ್ಮ" ಅಂದರು. ಹತ್ತು ಪಟ್ಟು ತೆಳು ಮಾಡಿದೆ. ಮಾರನೇ ದಿನ ಜೆಲ್‌ನಲ್ಲಿ ಬ್ಯಾಂಡ್, ಅಂದರೆ ನಕಲಾದ ಡಿಎನ್‌ಎಯ ಗೆರೆ! ಡಿಎನ್‌ಎ ಕಮ್ಮಿಯಾದರೂ ಪಿಸಿಆರ್‌ಗೆ ಸಾಕು, ಅಡ್ಡ ಬರುವ ಕಸವೂ ಅಷ್ಟೇ ಕಮ್ಮಿಯಾಯಿತಲ್ಲ, ಅದು ಲೆಕ್ಕ. ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ನನ್ನ ಖರ್ಚಲ್ಲಿ ಮಸಾಲೆ ದೋಸೆ.

ರಕ್ತದಿಂದ ಡಿಎನ್‌ಎ ತೆಗೆಯುವವರು ಆರಾಮಾಗಿದ್ದಾರೆ ಅಂದುಕೊಂಡಿದ್ದೆ. ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಹಸಿರು ಮುಚ್ಚಳದ ಟ್ಯೂಬಿಗೆ ರಕ್ತ ಹಿಡಿದರೆ ಪಿಸಿಆರ್ ಕೆಡುತ್ತದೆ, ನೇರಳೆ ಮುಚ್ಚಳದ್ದೇ ಆಗಬೇಕು. ಪಕ್ಕದ ಲ್ಯಾಬಿನ ಗೆಳತಿ ಇದನ್ನು 40 ದನಗಳ ರಕ್ತ ಹಿಡಿದಾದ ಮೇಲೆ ಕಲಿತಳು. ಅವಳಿಂದಲೇ ಗೊತ್ತಾದ ಇನ್ನೊಂದು ಸಂಗತಿ ನನಗೆ ಈಗಲೂ ಸೋಜಿಗ. ನಮ್ಮ ರಕ್ತದ ಕೆಂಪು ಕಣಗಳಲ್ಲಿ ಡಿಎನ್‌ಎ ಇಲ್ಲ, ದನದ್ದರಲ್ಲೂ ಇಲ್ಲ. ಕೋಟಿಗಟ್ಟಲೆ ಕೆಂಪು ಕಣ ಇದ್ದರೂ ಸಿಗುವುದೆಲ್ಲ ಅಲ್ಲಲ್ಲಿ ಇರುವ ಬಿಳಿ ಕಣಗಳಿಂದ. ಕೋಳಿಯ ಕೆಂಪು ಕಣದಲ್ಲಿ ಮಾತ್ರ ನ್ಯೂಕ್ಲಿಯಸ್ ಇದೆ, ಡಿಎನ್‌ಎ ಇರುವುದೇ ಅದರೊಳಗೆ! ನಾಟಿಕೋಳಿಯ ಒಂದು ಹನಿ ರಕ್ತ ಬೇಕಾದ್ದಕ್ಕಿಂತ ಜಾಸ್ತಿ. ಆಸೆಪಟ್ಟು ಎರಡು ಹನಿ ಹಾಕಿದರೆ ಟ್ಯೂಬೆಲ್ಲ ಗೋಂದು.

ಮನುಷ್ಯರದ್ದು ಎಂಜಲಿನಿಂದ ತೆಗೆಯಬಹುದು. ಬಾಯಿಯ ಬ್ಯಾಕ್ಟೀರಿಯಾದ ಡಿಎನ್‌ಎಯೂ ಪುಕ್ಕಟೆ ಬರುತ್ತದೆ, ಅಷ್ಟೇ.

ಮೊದಲ ಸಲ ಡಿಎನ್‌ಎ ತೆಗೆದವರೂ ಬಿಳಿ ಕಣಗಳನ್ನೇ ಹಿಡಿದರು. 1869ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ, ಫ್ರೀಡ್ರಿಶ್ ಮೀಶರ್ ಎನ್ನುವ ಹುಡುಗ ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜುಗಳನ್ನು ತರಿಸಿಕೊಂಡು ತೊಳೆದ. ಕೀವು ಅಂದರೆ ಬಹುಪಾಲು ಬಿಳಿ ಕಣವೇ. ಪ್ರೋಟೀನ್ ಕರಗಿಸಲು ಹಂದಿಯ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕಿದ. ಉಳಿದದ್ದಕ್ಕೆ ನ್ಯೂಕ್ಲಿನ್ ಅಂತ ಹೆಸರಿಟ್ಟ. ಅವನ ಲ್ಯಾಬ್ ಇದ್ದದ್ದು ಹಳೇ ಕೋಟೆಯ ಅಡುಗೆಮನೆಯಲ್ಲಿ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು "ಮತ್ತೆ?" ಅಂದಳು, ಇನ್ನೆಲ್ಲಿರಬೇಕಿತ್ತು ಅನ್ನೋ ಹಾಗೆ.

ಹೋದ ವಾರ ವಾಟ್ಸಾಪ್‌ನಲ್ಲಿ ಅಮ್ಮನ ಫೋಟೋ ಬಂತು. ತಾರಸಿ ಮೇಲಿನ ಬೆಂಡೆ ಗಿಡ, ಎಲೆ ತುಂಬಾ ಹಳದಿ ಜಾಲರಿ. "ಏನು ಔಷಧಿ ಹೊಡೀಲಿ?" ವೈರಸ್ಸಿಗೆ ಔಷಧಿ ಇಲ್ಲ ಕಣಮ್ಮ, ಬಿಳಿನೊಣ ಪಕ್ಕದ ಗಿಡಕ್ಕೆ ಹೊತ್ತೊಯ್ಯುವ ಮೊದಲು ಕಿತ್ತುಹಾಕು ಅಂದೆ. ಕಿತ್ತಳು. ಕೀಳುವ ಮೊದಲು ನಾಲ್ಕು ಎಲೆ ಬಿಡಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, ತಮ್ಮನ ಕೈಲಿ ಬಸ್ಸಿಗೆ ಕೊಟ್ಟು ಕಳಿಸಿದಳು. ಜೊತೆಗೆ ಒಂದು ವಾಯ್ಸ್ ಮೆಸೇಜ್: "ಎಳೇದೇ ಕಿತ್ತಿದ್ದೀನಿ. ಉಪ್ಪು ನೀನೇ ಹಾಕ್ಕೋ."

ಟ್ಯೂಬುಗಳ ಮೇಲೆ ಅಮ್ಮ-1, ಅಮ್ಮ-2, ಅಮ್ಮ-3, ಅಮ್ಮ-4 ಅಂತ ಬರೆದೆ. ಮೂರಕ್ಕೆ ಬ್ಯಾಂಡ್ ಬಂದಿದೆ. ನಾಲ್ಕನೆಯದು ಇನ್ನೂ ಸಬ್ಬಕ್ಕಿ ಪಾಯಸ.