ಬೀದಿ ನಕ್ಷೆಯ ಕೆಲಸ: ಏಳನೇ ತಿಂಗಳು

ಗೋಡೆಗೆ ತೂಗುಹಾಕಿದ್ದ ನಕ್ಷೆಯನ್ನು ಈ ತಿಂಗಳು ಇಳಿಸಿ ಮೇಜಿನ ಮೇಲೆ ಹಾಸಿದೆ. ಮಾಡಿದ್ದು ಅಷ್ಟೇ. ಆದರೆ ಆರು ತಿಂಗಳು ಅಲೆದರೂ ಸಿಗದ ವಿಷಯಗಳು ಒಂದೇ ಭಾನುವಾರ ಸಿಕ್ಕವು.

ಕೆಲಸ ಇದು: ಒಂದು ಹಳೇ ಬೀದಿ, ಅದರ ಎರಡೂ ಬದಿ ಸೇರಿ 62 ಮನೆ-ಅಂಗಡಿಗಳು. ಯಾವುದರಲ್ಲಿ ಯಾರಿದ್ದರು, ಏನು ನಡೆಯುತ್ತಿತ್ತು, ಯಾವಾಗ ಬದಲಾಯಿತು ಅನ್ನುವುದನ್ನು ಅಲ್ಲಿಯವರ ಬಾಯಿಂದಲೇ ಕೇಳಿ, ಅವರ ಫೋಟೋಗಳ ಜೊತೆ ಒಂದೆಡೆ ಸೇರಿಸುವುದು. ಇತಿಹಾಸದ ದೊಡ್ಡ ಪುಸ್ತಕಗಳಲ್ಲಿ ಇಂಥ ಬೀದಿಗೆ ಒಂದು ಸಾಲೂ ಇರುವುದಿಲ್ಲ. ನೆನಪಿರುವವರು ಇರುವಾಗಲೇ ಬರೆದುಕೊಳ್ಳಬೇಕು.

ಮೂರನೇ ತಿಂಗಳಲ್ಲಿ ಒಂದು ಪ್ರದರ್ಶನ ಮಾಡಿದ್ದೆ. 12 ಫಲಕ, ನೀಟಾದ ಅಕ್ಷರ, ಎಲ್ಲದಕ್ಕೂ ಇಸವಿ. ಬಂದವರು ಓದಿದರು, ಚೆನ್ನಾಗಿದೆ ಅಂದರು, ಹೊರಟರು. ಹೊಸದಾಗಿ ಒಂದು ಹೆಸರೂ ಸಿಗಲಿಲ್ಲ. ಎಲ್ಲವನ್ನೂ ನಾನೇ ಹೇಳಿ ಮುಗಿಸಿದ್ದೆ. ಅವರು ಹೇಳಲು ಜಾಗವನ್ನೇ ಬಿಟ್ಟಿರಲಿಲ್ಲ.

ಈ ಸಲ ಎ ಝೀರೋ ಹಾಳೆ, ಅಂದರೆ 841 × 1189 ಮಿ.ಮೀ. ಸುತ್ತ ಏಳೆಂಟು ಜನ ನಿಲ್ಲಬಹುದು. ಗೊತ್ತಿದ್ದದ್ದನ್ನು ತೆಳ್ಳಗೆ ಬರೆದೆ, ಗೊತ್ತಿಲ್ಲದ ಮನೆಗಳನ್ನು ಖಾಲಿ ಬಿಟ್ಟೆ. ಪಕ್ಕದಲ್ಲಿ ಹತ್ತು ಪೆನ್ಸಿಲ್. ಪೆನ್ ಕೊಟ್ಟರೆ ಜನ ತಪ್ಪಾದೀತು ಅಂತ ಹಿಂಜರಿಯುತ್ತಾರೆ. ಪೆನ್ಸಿಲ್ ಕೊಟ್ಟರೆ ಆ ಅಂಜಿಕೆ ಇಲ್ಲ.

ಮೊದಲು ಒಬ್ಬ ಅಜ್ಜಿ ಬಂದರು, ಮೊಮ್ಮಗನ ಕೈ ಹಿಡಿದುಕೊಂಡು. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಮೂಲೆಯ ಕಟ್ಟಡದ ಮೇಲೆ ಬೆರಳಿಟ್ಟರು. "ಇದು ತಪ್ಪು ಕಣಪ್ಪಾ. ಹೊಲಿಗೆ ಅಂಗಡಿ ಇದ್ದದ್ದು ಮೇಲೆ. ಕೆಳಗೆ ಗಡಿಯಾರ ರಿಪೇರಿ ಮಾಡ್ತಿದ್ರು." ಪೆನ್ಸಿಲನ್ನು ಅವರ ಕಡೆ ಸರಿಸಿದೆ. ನಾನು ಬರೆದದ್ದರ ಮೇಲೆ ಗೆರೆ ಎಳೆದು, ದಪ್ಪ ಅಕ್ಷರದಲ್ಲಿ ನಿಧಾನವಾಗಿ 'ಗಡಿಯಾರ' ಅಂತ ಬರೆದರು. ಮೇಜಿನ ಆ ಕಡೆ ನಿಂತಿದ್ದವರೊಬ್ಬರು ತಲೆ ಎತ್ತಿದರು. "ಆ ಅಂಗಡಿ ನಮ್ಮ ಮಾವಂದು!" ಮುಂದಿನ ಅರ್ಧ ಗಂಟೆ ನಾನು ಬಾಯೇ ತೆರೆಯಲಿಲ್ಲ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅವರಿಬ್ಬರ ಮಾತು ನಡೆಯುತ್ತಲೇ ಹೋಯಿತು, ಸುತ್ತ ಇದ್ದವರೂ ಸೇರಿಕೊಂಡರು. ಸಂಜೆಗೆ 19 ಖಾಲಿ ಮನೆಗಳು ತುಂಬಿದ್ದವು.

ಜಗಳವೂ ಆಯಿತು. ಬೀದಿಗೆ ನೀರು ನುಗ್ಗಿದ ವರ್ಷ ಯಾವುದು ಅನ್ನುವುದಕ್ಕೆ ಇಬ್ಬರು ಹಿರಿಯರು ಪಟ್ಟು ಹಿಡಿದರು. ಹಳೇ ಪತ್ರಿಕೆ ನೋಡಿದರೆ ಒಬ್ಬರು ಹೇಳಿದ್ದು ಸರಿ. ಹಾಗಂತ ಇನ್ನೊಬ್ಬರದನ್ನು ಅಳಿಸಲಿಲ್ಲ. ಇಟಲಿಯ ಇತಿಹಾಸಕಾರ ಅಲೆಸ್ಸಾಂಡ್ರೋ ಪೋರ್ತೆಲ್ಲಿ ಕಂಡುಕೊಂಡದ್ದು ನೆನಪಿಗೆ ಬಂತು. ತೆರ್ನಿ ಎಂಬ ಉಕ್ಕಿನ ಊರಿನಲ್ಲಿ ಲುಯೀಜಿ ತ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ ಪೊಲೀಸರ ಕೈಯಲ್ಲಿ ಸತ್ತದ್ದು 1949ರಲ್ಲಿ, ನೇಟೋ ವಿರುದ್ಧದ ಪ್ರತಿಭಟನೆಯಲ್ಲಿ. ಆದರೆ ಊರಿನ ಎಷ್ಟೋ ಜನರ ನೆನಪಿನಲ್ಲಿ ಅದು 1953ರ ಸಾವು, ಸಾವಿರಾರು ಜನರನ್ನು ಕಾರ್ಖಾನೆಯಿಂದ ತೆಗೆದಾಗಿನ ಹೋರಾಟದ್ದು. ಇಸವಿ ತಪ್ಪು ಸರಿ, ಆದರೆ ಆ ಜನಕ್ಕೆ ಯಾವ ಪೆಟ್ಟು ಜಾಸ್ತಿ ಬಿದ್ದಿತ್ತು ಅನ್ನುವುದನ್ನು ಆ ತಪ್ಪೇ ಹೇಳುತ್ತದೆ ಅಲ್ವಾ? ಅದಕ್ಕೇ ಕೇಳಿದ್ದನ್ನು ಬರೆದಿಡುವ ನಮ್ಮ ಕಾರ್ಡುಗಳಲ್ಲಿ ಈಗ ಎರಡು ಕಾಲಂ: ಒಂದು 'ದಾಖಲೆ', ಇನ್ನೊಂದು 'ನೆನಪು'. ನೀರು ನುಗ್ಗಿದ್ದು ತನ್ನ ಮದುವೆಯ ವರ್ಷ ಅಂತ ಆ ಹಿರಿಯರು ಹೇಳಿದ್ದು ಎರಡನೆಯದರಲ್ಲಿ ಇದೆ.

ಸ್ಕ್ಯಾನಿಂಗ್ ಸಾಗುತ್ತಿದೆ. ಪ್ರಿಂಟ್‌ಗಳಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ. ಉಳಿಸುವುದು ಟಿಫ್ ಫೈಲ್ ಆಗಿ, ಚಿತ್ರದ ವಿವರ ಕಳೆಯದ ಬಗೆ ಅದು. 4 × 6 ಇಂಚಿನ ಒಂದು ಫೋಟೋ ಸುಮಾರು 26 ಎಂಬಿ ಆಗುತ್ತದೆ. ಹಂಚುವುದಕ್ಕೆ ಮಾತ್ರ ಜೆಪೆಗ್ ಎಂಬ ಚಿಕ್ಕ ಫೈಲಿನ ಪ್ರತಿ. ಹಿಂಬದಿಯಲ್ಲಿ ಬರಹ ಇದ್ದರೆ ಅದನ್ನೂ ಸ್ಕ್ಯಾನ್ ಮಾಡುತ್ತೇನೆ, ಹೆಸರು ಸಿಗುವುದು ಹೆಚ್ಚಾಗಿ ಅಲ್ಲೇ. ಒಂದು ತಪ್ಪನ್ನೂ ಬರೆಯಬೇಕು. ಅಂಟು ಪುಟಗಳ ಆಲ್ಬಂನಿಂದ ಒಂದು ಫೋಟೋ ಬಿಡಿಸಲು ಹೋಗಿ ಅದರ ಮೂಲೆ ಹರಿದೆ. ಮನೆಯವರಿಗೆ ಅವತ್ತೇ ಹೇಳಿ ಕ್ಷಮೆ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನನಗೆ ಮಾತ್ರ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಅಂಥ ಆಲ್ಬಂ ಸಿಕ್ಕರೆ ಇನ್ನು ಮುಂದೆ ಫೋಟೋ ಬಿಡಿಸುವುದಿಲ್ಲ. ಪುಟವನ್ನು ಇದ್ದ ಹಾಗೇ ಮೇಲಿಂದ ಕ್ಯಾಮೆರಾದಲ್ಲಿ ತೆಗೆಯುತ್ತೇನೆ.

ಮುಂದಿನ ಆಸೆ, ಬಾಗಿಲುಗಳ ಬಳಿ ಚಿಕ್ಕ ಫಲಕಗಳು. ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ ನಾಜಿಗಳಿಗೆ ಬಲಿಯಾದವರ ನೆನಪಿಗೆ 1992ರಿಂದ ಕಾಲುದಾರಿಗಳಲ್ಲಿ ಕೂರಿಸುತ್ತ ಬಂದ ಹಿತ್ತಾಳೆ ಮುಖದ ಕಲ್ಲುಗಳು ಬರೀ 10 ಸೆಂ.ಮೀ. ಅಗಲ. ಆ ನೋವಿನ ಜೊತೆ ನಮ್ಮ ಬೀದಿಯನ್ನು ಹೋಲಿಸುತ್ತಿಲ್ಲ. ಆದರೆ ಒಬ್ಬರ ಹೆಸರನ್ನು ಅವರು ಬದುಕಿದ ಮನೆಯ ಮುಂದೆಯೇ ಓದುವುದು ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದನ್ನು ಆ ಕಲ್ಲುಗಳಿಂದ ಕಲಿತೆ. ಫಲಕಕ್ಕೆ ಈಗಿನ ಮನೆಯವರ ಒಪ್ಪಿಗೆ ಬೇಕು. ನಾಲ್ವರು ಹೂಂ ಅಂದಿದ್ದಾರೆ, ಒಬ್ಬರು ಬೇಡ ಅಂದರು. ಆ ಬಾಗಿಲನ್ನು ಬಿಟ್ಟೆ.

ಗುರುವಾರ ಅಜ್ಜಿಯ ಮನೆಗೆ ರೆಕಾರ್ಡರ್ ತೆಗೆದುಕೊಂಡು ಹೋಗುತ್ತಿದ್ದೇನೆ. ಅವರ ಧ್ವನಿಯನ್ನು ಎಲ್ಲಿ ಬಳಸಬಹುದು, ಎಲ್ಲಿ ಬೇಡ ಅನ್ನುವ ಒಪ್ಪಿಗೆ ಪತ್ರವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಟ್ಟಿದ್ದೇನೆ. ಗಡಿಯಾರದ ಅಂಗಡಿಯವರ ಅಳಿಯನೂ ಬರುತ್ತಾರಂತೆ.