ಆರು ಜನ ಸೇರಿ ಒಂದು ವೀಕೆಂಡಲ್ಲಿ ಬಣ್ಣ ಹಚ್ಚಿದ ಸೈನ್ಯ

ಶುಕ್ರವಾರ ಸಂಜೆ ಟೇಬಲ್ ಮೇಲೆ 41 ಬೂದು ಪ್ಲಾಸ್ಟಿಕ್ ಬೊಂಬೆಗಳು ಸಾಲಾಗಿ ನಿಂತಿದ್ವು, ಭಾನುವಾರ ರಾತ್ರಿ ಅಷ್ಟೂ ಬಣ್ಣ ಹಚ್ಚಿಸ್ಕೊಂಡು ಪೆಟ್ಟಿಗೆ ಸೇರಿದ್ವು. ಇನ್ನೂ ನನ್ನ ಉಗುರಿನ ಸಂದಿಯಲ್ಲಿ ಹಸಿರು ನೀಲಿ ಹಾಗೇ ಇದೆ, ಅದು ಹೋಗೋದ್ರೊಳಗೆ ಬರೆದುಬಿಡೋಣ ಅಂತ ಕೂತಿದೀನಿ.

ಗೊತ್ತಿಲ್ದೇ ಇರೋರಿಗೆ ಚೂರು ಹೇಳ್ಬಿಡ್ತೀನಿ. ಮಿನಿಯೇಚರ್ ವಾರ್‌ಗೇಮ್ ಅಂದ್ರೆ ದೊಡ್ಡ ಟೇಬಲ್ ಮೇಲೆ ಗುಡ್ಡ, ಕಾಡು, ಮುರಿದ ಕಟ್ಟಡ ಎಲ್ಲಾ ಇಟ್ಟು, ಸುಮಾರು 28 ಮಿಲಿಮೀಟರ್ ಎತ್ತರದ ಪುಟ್ಟ ಸೈನಿಕರನ್ನ ಟೇಪಲ್ಲಿ ಅಳೆದು ಸರಿಸ್ತಾ, ದಾಳ ಉರುಳಿಸಿ ಆಡೋ ಯುದ್ಧದ ಆಟ. ಬೇರು ತುಂಬಾ ಹಳೇದು, 1824ರಲ್ಲೇ ಪ್ರಷ್ಯಾ ಸೈನ್ಯದವರು ಅಧಿಕಾರಿಗಳಿಗೆ ಟ್ರೈನಿಂಗ್ ಕೊಡೋಕೆ ಕ್ರೀಗ್‌ಶ್ಪೀಲ್ ಅಂತ ಇದೇ ಥರದ ಆಟ ಆಡಿಸ್ತಿದ್ರು. ಈಗಿನ ಆಟದಲ್ಲಿ ಬೊಂಬೆಗಳು ರೆಡಿಯಾಗಿ ಬರಲ್ಲ. ಚೌಕಟ್ಟಿಗೆ ಅಂಟ್ಕೊಂಡಿರೋ ಕೈ ಕಾಲು ತಲೆ ಕತ್ತರಿಸಿ, ಅಚ್ಚಿನ ಗೆರೆ ಕೆರೆದು, ಗಮ್ ಹಾಕಿ ಜೋಡಿಸಿ, ಆಮೇಲೆ ಬಣ್ಣ ಹಚ್ಚಬೇಕು, ಒಂದು ಸೈನ್ಯ ಮುಗಿಸೋಕೆ ಎಷ್ಟೋ ಜನಕ್ಕೆ ವರ್ಷಾನೇ ಹಿಡಿಯುತ್ತೆ, ಹಾಗಾಗಿ ಪೂರ್ತಿ ಪೇಂಟ್ ಆಗಿರೋ ಸೈನ್ಯ ಅಂದ್ರೆ ಆಡೋರಿಗೆ ಅದೊಂದು ಆಸ್ತಿ. ಇಂಥ ಆಟಗಳಲ್ಲಿ ಒಂದಾದ ವಾರ್‌ಹ್ಯಾಮರ್ 40,000 ಟೂರ್ನಮೆಂಟಲ್ಲಂತೂ ಪೇಂಟ್ ಮಾಡಿದ ಸೈನ್ಯ ತಂದ್ರೆ ಒಂದು ಪಂದ್ಯದ 100 ಪಾಯಿಂಟಲ್ಲಿ 10 ಅದಕ್ಕೇ ಸಿಗುತ್ತೆ.

ಈ ಆಸ್ತಿಯನ್ನೇ ರಾಫಲ್‌ಗೆ, ಅಂದ್ರೆ ಟಿಕೆಟ್ ಮಾರಿ ಚೀಟಿ ಎತ್ತಿ ಗೆದ್ದವರಿಗೆ ಕೊಡೋದಕ್ಕೆ, ಇಟ್ಟು ದುಡ್ಡು ಎತ್ತೋದು ಈ ಹಾಬಿಯಲ್ಲಿ ಹೊಸದಲ್ಲ. ಅಮೆರಿಕದ ನೋವಾ ಓಪನ್ ಚಾರಿಟಬಲ್ ಫೌಂಡೇಶನ್‌ನವರು ವಾಲಂಟಿಯರ್‌ಗಳು ಪೇಂಟ್ ಮಾಡಿದ ಸೈನ್ಯಗಳನ್ನ ರಾಫಲ್ ಮಾಡಿ, ಡಾಕ್ಟರ್ಸ್ ವಿತೌಟ್ ಬಾರ್ಡರ್ಸ್ ಥರದ ಸಂಸ್ಥೆಗಳಿಗೆ ದುಡ್ಡು ಕೊಡ್ತಾ ಬಂದಿದಾರೆ. ಅದನ್ನ ನೋಡಿಯೇ ನಮಗೂ ಈ ಯೋಚನೆ ಬಂದಿದ್ದು. ನಮ್ಮ ಸೈನ್ಯದ ದುಡ್ಡು ಹೋಗೋದು ಕ್ಯಾನ್ಸರ್ ಟ್ರೀಟ್‌ಮೆಂಟ್‌ಗೆ ಬರೋ ಮಕ್ಕಳ ಅಪ್ಪ ಅಮ್ಮ ಉಳ್ಕೊಳ್ಳೋ ಒಂದು ಮನೆಗೆ. ನಮ್ಮ ಆರು ಜನರಲ್ಲಿ ಒಬ್ಬರು ಎರಡು ವರ್ಷದ ಹಿಂದೆ ಮಗಳ ಜೊತೆ ಅಲ್ಲಿ ಆರು ವಾರ ಇದ್ರು. ಅವರು ಆ ವಿಷಯ ಜಾಸ್ತಿ ಮಾತಾಡಲ್ಲ, ಆದ್ರೆ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಲೈಟ್ ಎಲ್ಲಾ ಜೋಡಿಸಿ ಕೂತಿದ್ರು.

ಈಗ ಕೆಲಸದ ವಿಷಯ. ಆರು ಜನ, ಶುಕ್ರವಾರ ನಾಲ್ಕು ಗಂಟೆ, ಶನಿವಾರ ಭಾನುವಾರ ಒಂಬತ್ತೊಂಬತ್ತು ಗಂಟೆ ಅಂದ್ರೂ ಒಟ್ಟು 132 ಗಂಟೆ. 41 ಬೊಂಬೆಗೆ ಹಂಚಿದ್ರೆ ಒಂದಕ್ಕೆ ಮೂರು ಗಂಟೆ ಚಿಲ್ಲರೆ, ಅದ್ರಲ್ಲೇ ಪ್ರೈಮರ್ ಒಣಗೋಕೆ ಕಾಯೋದು, ಬ್ರಶ್ ತೊಳೆಯೋದು, ಸೊಂಟ ನೆಟ್ಟಗೆ ಮಾಡ್ಕೊಳ್ಳೋದು ಎಲ್ಲಾ ಬಂತು. ನಾನೊಬ್ಬಳೇ ಕೂತು ಸಮಾಧಾನವಾಗಿ ಹಚ್ಚಿದ್ರೆ ಒಂದು ಬೊಂಬೆಗೆ ಎಂಟು ಗಂಟೆ ತಗೋತೀನಿ. ಹಾಗಾಗಿ ಎಲ್ಲಿ ಟೈಮ್ ಖರ್ಚು ಮಾಡ್ಬೇಕು, ಎಲ್ಲಿ ಮಾಡ್ಬಾರ್ದು ಅನ್ನೋದನ್ನ ಬ್ರಶ್ ಮುಟ್ಟೋಕೆ ಮುಂಚೇನೇ ತೀರ್ಮಾನ ಮಾಡ್ಕೊಂಡ್ವಿ, ಮತ್ತೆ ಈ ವೀಕೆಂಡ್ ದಡ ಸೇರಿದ್ದು ಆ ತೀರ್ಮಾನಗಳಿಂದಾನೇ ಅಂತ ನನಗನ್ಸುತ್ತೆ.

ಮೊದಲನೇದು ಬಣ್ಣ. ಹಳದಿ ಬೇಡ, ಬಿಳಿ ಬೇಡ. ಹಳದಿ ತೆಳುವಾಗಿ ಹಿಡಿಯುತ್ತೆ, ಮೂರು ನಾಲ್ಕು ಕೋಟ್ ಬೇಕು, ಬಿಳಿ ಮೇಲೆ ಒಂದು ಕಲೆ ಬಿದ್ರೂ ಎದ್ದು ಕಾಣುತ್ತೆ. ಅದಕ್ಕೆ ಕವಚಕ್ಕೆ ಗಾಢವಾದ ಹಸಿರು ನೀಲಿ, ಬಟ್ಟೆಗೆ ಮಣ್ಣಿನ ಕಂದು, ಬಂದೂಕಿಗೆ ಕಪ್ಪು, ಅಲ್ಲಲ್ಲಿ ತಾಮ್ರ, ಒಂದೇ ಒಂದು ಕಡೆ ಕಿತ್ತಳೆ, ಇಷ್ಟೇ. ಎರಡನೇದು ತಲೆ. ಜೋಡಿಸೋವಾಗ್ಲೇ 40 ಬೊಂಬೆಗೂ ಹೆಲ್ಮೆಟ್ ತಲೆ ಹಾಕಿದ್ವಿ, ನಾಯಕಿ ಒಬ್ಬಳಿಗೆ ಮಾತ್ರ ಬರಿ ಮುಖ. ಮುಖ ಅಂದ್ರೆ ಚರ್ಮ, ಕಣ್ಣು, ಹುಬ್ಬು, ಕೂದಲು, ಒಂದಕ್ಕೆ ಅರ್ಧ ಗಂಟೆ ಹಿಡಿದ್ರೂ 20 ಗಂಟೆ ಉಳೀತು ನೋಡಿ.

ಶುಕ್ರವಾರ ರಾತ್ರಿ ಪೂರ್ತಿ ಕಪ್ಪು ಪ್ರೈಮರ್. ಉದ್ದ ಪಟ್ಟಿಗೆ ಡಬಲ್ ಸೈಡ್ ಟೇಪ್ ಹಾಕಿ, ಹತ್ತತ್ತು ಬೊಂಬೆ ನಿಲ್ಲಿಸಿ, ಒಂದಡಿ ದೂರದಿಂದ ಸಣ್ಣ ಸಣ್ಣ ಬೀಸಲ್ಲಿ ಹೊಡೆಯೋದು. ಇದನ್ನ ಬೇಗ ದಾಟಿಬಿಡ್ತೀನಿ, ಹೇಳೋಕೆ ಜಾಸ್ತಿ ಏನಿಲ್ಲ, ಹತ್ತಿರದಿಂದ ಒಂದೇ ಸಲ ಸುರಿದ್ರೆ ಸಣ್ಣ ಗೆರೆಗಳೆಲ್ಲಾ ಮುಚ್ಚಿಹೋಗುತ್ತೆ ಅನ್ನೋದು ಬಿಟ್ರೆ.

ಶನಿವಾರ ಬೆಳಗ್ಗೆಯ ಕೆಲಸ ಮಾತ್ರ ನನಗೆ ತುಂಬಾ ಇಷ್ಟ ಆಗಿದ್ದು. ಮೇಕಪ್ ಮಾಡೋ ದಪ್ಪ ಮೆತ್ತನೆ ಬ್ರಶ್ ಇರುತ್ತಲ್ಲ, ಅದನ್ನ ಬೂದು ಬಣ್ಣದಲ್ಲಿ ಅದ್ದಿ, ಟಿಶ್ಯೂ ಮೇಲೆ ಒರೆಸಿ ಒರೆಸಿ ಬಣ್ಣ ಇದ್ಯೋ ಇಲ್ವೋ ಅನ್ನೋ ಹಂತಕ್ಕೆ ತಂದು, ಕಪ್ಪು ಬೊಂಬೆ ಮೇಲೆ ಮೇಲಿಂದ ಕೆಳಕ್ಕೆ ಆಡಿಸೋದು, ಇದಕ್ಕೆ ಡ್ರೈಬ್ರಶ್ ಅಂತಾರೆ. ಮೊದಲೆರಡು ಸಲ ಏನೂ ಆಗಲ್ಲ. ಆಮೇಲೆ ನಿಧಾನವಾಗಿ ಭುಜದ ಅಂಚು, ಬೆಲ್ಟಿನ ಬಕಲ್, ಬಟ್ಟೆಯ ಮಡಿಕೆ, ಬೆರಳಿನ ಗೆಣ್ಣು ಒಂದೊಂದೇ ಕತ್ತಲಿಂದ ಮೇಲೆದ್ದು ಬರುತ್ತೆ. ಅದ್ರ ಮೇಲೆ ಇನ್ನೂ ಕಮ್ಮಿ ಬಿಳಿ, ಬರೀ ಮೇಲ್ಭಾಗಕ್ಕೆ. ಇದ್ರ ಮೇಲೆ ತೆಳುವಾದ ಕಾಂಟ್ರಾಸ್ಟ್ ಪೇಂಟ್ ಹಚ್ಚಿದ್ರೆ ಕೆಳಗಿನ ನೆರಳು ಬೆಳಕು ಹಾಗೇ ಬಣ್ಣದಲ್ಲಿ ಕಾಣುತ್ತೆ. ಸ್ಲ್ಯಾಪ್ ಚಾಪ್ ಅಂತ ಕರೀತಾರೆ ಈ ರೀತಿನ. ವಾರ್‌ಹ್ಯಾಮರ್ ತಯಾರಿಸೋ ಗೇಮ್ಸ್ ವರ್ಕ್‌ಶಾಪ್‌ನವರು 2019ರಲ್ಲಿ ಕಾಂಟ್ರಾಸ್ಟ್ ಪೇಂಟ್ ತಂದಾಗ ಇದು ಸೋಮಾರಿಗಳ ಬಣ್ಣ ಅಂತ ಮೂಗು ಮುರಿದೋರು ಇದ್ರು, ನಾನದನ್ನ ಒಪ್ಪಲ್ಲ. ಅದಕ್ಕೂ ಕೈ ಪಳಗಬೇಕು. ಅಗಲವಾದ ಜಾಗದಲ್ಲಿ ಬಣ್ಣ ಕೆರೆ ಕಟ್ಟುತ್ತೆ, ಒದ್ದೆ ಇರೋವಾಗ್ಲೇ ಒಣ ಬ್ರಶ್ಶಲ್ಲಿ ಹೀರ್ಕೋಬೇಕು, ಅರ್ಧ ಒಣಗಿದ ಮೇಲೆ ಮುಟ್ಟಿದ್ರೆ ಉಪ್ಪು ನೀರು ಒಣಗಿದಂಗೆ ಗೆರೆ ಬಿಡುತ್ತೆ.

ಸಾಲಾಗಿ ಕೂತು ಲೈನ್ ಮಾಡ್ಕೊಂಡ್ವಿ, ಒಬ್ಬರು ಕವಚ ಮಾತ್ರ, ಒಬ್ಬರು ಬಟ್ಟೆ ಮಾತ್ರ, ಒಬ್ಬರು ಬಂದೂಕು, ಒಬ್ಬರು ತಾಮ್ರ. ಹತ್ತನೇ ಬೊಂಬೆ ಮುಗಿಸೋ ಹೊತ್ತಿಗೆ ಮೊದಲನೇದು ಒಣಗಿರುತ್ತೆ, ಪಕ್ಕದವರಿಗೆ ದಾಟಿಸೋದು. ತಾಮ್ರದ ಬ್ರಶ್‌ಗೆ ಬೇರೆ ನೀರಿನ ಲೋಟ, ಇದೊಂದು ನಿಯಮ ಯಾರೂ ಮುರೀಬಾರ್ದು ಅಂತ ಮೊದಲೇ ಹೇಳಿದ್ದೆ, ಯಾಕಂದ್ರೆ ಆ ಮಿಂಚಿನ ಕಣ ನೀರಿಗೆ ಸೇರಿದ್ರೆ ಆಮೇಲೆ ಬಟ್ಟೆ, ಚರ್ಮ, ಎಲ್ಲದ್ರ ಮೇಲೂ ಮಿಣಮಿಣ ಅನ್ನುತ್ತೆ.

ಆದ್ರೆ ಮಧ್ಯಾಹ್ನದ ಹೊತ್ತಿಗೆ ಹತ್ತತ್ತು ಸೈನಿಕರ ಮೂರು ತಂಡಗಳನ್ನ, ಅಂದ್ರೆ ಸ್ಕ್ವಾಡುಗಳನ್ನ, ಪಕ್ಕ ಪಕ್ಕ ಇಟ್ಟು ನೋಡಿದ್ರೆ ಏನೋ ಸರಿ ಇಲ್ಲ. ಒಂದೇ ಬಾಟಲಿಯ ಬಣ್ಣ, ಆದ್ರೂ ಎರಡನೇ ಸ್ಕ್ವಾಡ್ ಬೇರೆ ಊರಿನ ಸೈನ್ಯದ ಥರ ಕಾಣ್ತಿತ್ತು. ಆಮೇಲೆ ಗೊತ್ತಾಯ್ತು, ಮೂರು ಜನ ಡ್ರೈಬ್ರಶ್ ಮಾಡಿದ್ವಲ್ಲ, ಒಬ್ಬರ ಕೈ ಭಾರ, ಬಿಳಿ ಜಾಸ್ತಿ ಕೂತಿದೆ, ಅದ್ರ ಮೇಲೆ ಹಸಿರು ನೀಲಿ ತಿಳಿಯಾಗಿ ಬಂದಿದೆ. ಬೇರೆಯವರಿಗೆ ಕೊಡೋ ಸೈನ್ಯ ಇದು, ತೆರೆದು ನೋಡ್ದಾಗ ಆರು ಜನ ಮಾಡಿದ್ದು ಅಂತ ಅನ್ನಿಸಬಾರ್ದು, ಒಂದೇ ಸೈನ್ಯ ಅನ್ನಿಸಬೇಕು, ನನಗೆ ಅದು ಎಲ್ಲಕ್ಕಿಂತ ಮುಖ್ಯ ಆಗಿತ್ತು. ಹಾಗಾಗಿ ಆ ಹತ್ತಕ್ಕೂ ಕಪ್ಪು ವಾಶ್, ಅಂದ್ರೆ ಸಂದಿಗಳಿಗೆ ಇಳಿಯೋ ನೀರು ನೀರಾದ ಬಣ್ಣ, ತೆಳು ಮಾಡಿ ಇನ್ನೊಂದು ಸುತ್ತು ಕೊಟ್ವಿ. ಒಂದೂವರೆ ಗಂಟೆ ಹೋಯ್ತು, ಹೋಗ್ಲಿ. ಮತ್ತೆ ಪ್ರತಿ ಸ್ಕ್ವಾಡಿಂದ ಮೂರು ಮೂರು ಬೊಂಬೆ ತೆಗೆದು ಬೇರೆ ಸ್ಕ್ವಾಡ್ ಜೊತೆ ಬೆರೆಸಿಬಿಟ್ವಿ, ಚೂರು ಪಾರು ವ್ಯತ್ಯಾಸ ಉಳಿದಿದ್ರೂ ಕಣ್ಣಿಗೆ ಬೀಳಲ್ಲ.

ಸೈನ್ಯವನ್ನ ನಿಜವಾಗ್ಲೂ ಒಂದು ಮಾಡಿದ್ದು ಮಾತ್ರ ಬೇಸ್. ಬೇಸ್ ಅಂದ್ರೆ ಬೊಂಬೆ ನಿಲ್ಲೋ ದುಂಡನೆ ಬಿಲ್ಲೆ. ಗೆಳೆಯನ ಅಮ್ಮ ನೋಡೋಕೆ ಅಂತ ಬಂದಿದ್ರು, ನಂಗೂ ಏನಾದ್ರೂ ಕೊಡಮ್ಮ ಅಂದ್ರು. ಆಂಟಿ, ಈ ಅಂಚಿಗೆ ಕಪ್ಪು ಹಚ್ಚಬೇಕು, ಮೇಲಿನ ಮಣ್ಣಿಗೆ ತಾಗಬಾರ್ದು ಅಂತ ತೋರಿಸ್ದೆ. ಜೀವನಪೂರ್ತಿ ಹೊಲಿಗೆ ಮಾಡಿದ ಕೈ ಅವರದ್ದು. ಬ್ರಶ್ಶನ್ನ ಒಂದೇ ಕಡೆ ಹಿಡಿದು ಬೊಂಬೆಯನ್ನ ತಿರುಗಿಸ್ತಾ ಹೋದ್ರು, ನಾನು ಇಷ್ಟು ವರ್ಷ ಬೊಂಬೆ ಹಿಡಿದು ಬ್ರಶ್ ತಿರುಗಿಸ್ತಿದ್ದೆ! 41 ಅಂಚು, ಒಂದೇ ಒಂದು ಕಡೆ ಗೆರೆ ದಾಟಿಲ್ಲ. ಮರಳು, ಗಮ್, ಕಂದು, ಒಣ ಹುಲ್ಲಿನ ಚಿಕ್ಕ ಗುಚ್ಛ, ಆಂಟಿಯ ಕಪ್ಪು ಅಂಚು, ಇಷ್ಟಾದ್ಮೇಲೆ ಮೂರಡಿ ದೂರ ನಿಂತು ನೋಡಿದ್ರೆ ಎಲ್ಲಾ ಒಂದೇ ನೆಲದ ಮೇಲೆ ನಡೀತಿರೋರ ಥರ ಕಂಡ್ರು. ಆಡೋವಾಗ ಕಾಣೋದು ಆ ಮೂರಡಿಯಿಂದಾನೇ ಅಲ್ವಾ.

ಭಾನುವಾರ ಬೆಳಗ್ಗೆ ಎರಡು ಗಂಟೆ ನನಗೆ ನಾಯಕಿಯ ಮುಖಕ್ಕೆ ಬಿಟ್ಟುಕೊಟ್ರು. ಕಡಲೆಕಾಳಿಗಿಂತ ಚಿಕ್ಕ ಮುಖ. ಸಣ್ಣ ಬ್ರಶ್ ತಗೊಂಡ್ರೆ ಸುಲಭ ಅನ್ಕೋತಾರೆ ಎಲ್ರೂ, ಆದ್ರೆ ತೀರಾ ಸಣ್ಣದ್ರಲ್ಲಿ ಬಣ್ಣ ಮುಖ ಮುಟ್ಟೋಕೆ ಮುಂಚೇನೇ ತುದಿಯಲ್ಲಿ ಒಣಗಿಬಿಡುತ್ತೆ, ನಾನು 1ನೇ ನಂಬರ್ ಬ್ರಶ್ಶನ್ನೇ ಬಳಸೋದು, ತುದಿ ಚೂಪಾಗಿದ್ರೆ ಸಾಕು. ಎರಡೂ ಮೊಣಕೈ ಟೇಬಲ್ ಮೇಲೆ, ಎರಡೂ ಮಣಿಕಟ್ಟು ಒಂದಕ್ಕೊಂದು ಒತ್ತಿ, ಅರ್ಧ ಉಸಿರು ಬಿಟ್ಟು ತಡೆದು. ಮೊದಲು ಕಂದು ಚರ್ಮ, ಕೆಂಪು ಬೆರೆತ ವಾಶ್, ಮತ್ತೆ ಮೂಗಿನ ತುದಿ, ಕೆನ್ನೆಯ ಎಲುಬು, ಗಲ್ಲಕ್ಕೆ ತಿಳಿ ಬಣ್ಣ. ಕಣ್ಣಿಗೆ ಗಾಢ ಕಂದು ಗುಳಿ, ಅದ್ರೊಳಗೆ ಮಾಸಲು ಬಿಳಿಯ ಅಡ್ಡ ಗೆರೆ, ಮಧ್ಯೆ ಕಪ್ಪು ಚುಕ್ಕೆ. ಎಡಗಣ್ಣಿನ ಚುಕ್ಕೆ ಚೂರು ಆಚೆ ಹೋಯ್ತು, ಅಳಿಸಿ ಮತ್ತೆ ಇಟ್ಟೆ, ಮೂರನೇ ಸಲಕ್ಕೆ ಕೂತ್ಕೊಂತು, ಅವಳು ನೋಡಿದ್ಲು. ಅವಳ ಭುಜದ ಮೇಲಿನ ಒಂದು ಪಟ್ಟಿಗೆ ಮಾತ್ರ ಕಿತ್ತಳೆ. ಅದು ಶುಕ್ರವಾರ ಮೊದಲು ಬಂದು ಕೂತಿದ್ದವರ ಮಗಳು ಆ ಮನೆಯಲ್ಲಿದ್ದಾಗ ದಿನಾ ಹೊದ್ಕೋತಿದ್ದ ಹೊದಿಕೆಯ ಬಣ್ಣ ಅಂತೆ, ಬಣ್ಣ ಆರಿಸೋ ದಿನ ಅವಳಪ್ಪ ಕೇಳಿದ್ದು ಅದೊಂದೇ.

ಸಂಜೆ ಐದಕ್ಕೆ ಎಲ್ಲಾ ಮುಗೀತು ಅನ್ನೋವಷ್ಟರಲ್ಲಿ ವಾರ್ನಿಷ್. ಹೊರಗೆ ಮಳೆ ಬಂದು ನಿಂತಿತ್ತು, ಗಾಳಿಯೆಲ್ಲಾ ಒದ್ದೆ. ಅಂಥ ಗಾಳಿಯಲ್ಲಿ ಸ್ಪ್ರೇ ಮಾಡ್ಬಾರ್ದು ಅಂತ ನಂಗೆ ಗೊತ್ತು, ಆದ್ರೆ ಗಡಿಯಾರ ನೋಡಿ ಮೊದಲ ಹತ್ತಕ್ಕೆ ಹೊಡೆದುಬಿಟ್ಟೆ. ಐದು ನಿಮಿಷಕ್ಕೆ ಹತ್ತೂ ಬೊಂಬೆ ಮೇಲೆ ಹಿಟ್ಟು ಉದುರಿಸಿದಂಗೆ ಬಿಳಿ ಪೊರೆ ಕಟ್ಟಿತ್ತು. ಎದೆ ಧಸಕ್ ಅಂತು. ಇಡೀ ಕೋಣೆ ಸುಮ್ಮನಾಯ್ತು, ಯಾರೂ ನನ್ನ ಒಂದು ಮಾತು ಅನ್ಲಿಲ್ಲ, ಅದಕ್ಕೇ ಇನ್ನೂ ಸಂಕಟ ಆಯ್ತು. ತೇವ ವಾರ್ನಿಷ್ ಜೊತೆ ಸೇರ್ಕೊಂಡು ಮೇಲ್ಮೈ ಒರಟಾಗುತ್ತೆ, ಬೆಳಕು ಚದುರಿ ಬೆಳ್ಳಗೆ ಕಾಣುತ್ತೆ, ಕೆಳಗಿನ ಬಣ್ಣ ಹಾಳಾಗಿರಲ್ಲ. ಒಂದು ಬೊಂಬೆ ತಗೊಂಡು ಬ್ರಶ್ಶಲ್ಲಿ ಹೊಳಪಿನ ವಾರ್ನಿಷ್ ತೆಳ್ಳಗೆ ಎಳೆದೆ, ಎಳೆದ ಕಡೆಯೆಲ್ಲಾ ಹಸಿರು ನೀಲಿ ವಾಪಸ್ ಬಂತು. ಎಲ್ರೂ ಒಂದೇ ಸಲ ಉಸಿರು ಬಿಟ್ವಿ ಅನ್ಸುತ್ತೆ. ಹತ್ತಕ್ಕೂ ಹೊಳಪು, ಒಣಗಿದ ಮೇಲೆ ಹೊಳಪಿಲ್ಲದ ಮ್ಯಾಟ್, ಉಳಿದ 31ಕ್ಕೆ ಸ್ಪ್ರೇ ಮುಟ್ಟದೇ ಮ್ಯಾಟ್ ವಾರ್ನಿಷ್ ಕೈಯಲ್ಲೇ ಹಚ್ಚಿದ್ವಿ, ಆರು ಜನ ಆರು ಬ್ರಶ್. ವಾರ್ನಿಷ್ ಬಿಟ್ಟು ಕೊಟ್ಟಿದ್ರೆ ಆಗ್ತಿರ್ಲಿಲ್ವಾ ಅಂತ ಕೇಳಬಹುದು. ನನ್ನ ಸ್ವಂತ ಸೈನ್ಯ ಆಗಿದ್ರೆ ಬಿಡ್ತಿದ್ದೆನೋ ಏನೋ. ಇದನ್ನ ಗೆಲ್ಲೋರು ಆಡ್ತಾರೆ, ನೂರು ಸಲ ಎತ್ತಿ ಇಡ್ತಾರೆ, ಬೆರಳಿನ ಜಿಡ್ಡು ತಾಗುತ್ತೆ, ದಾಳ ಬಡಿಯುತ್ತೆ, ಆರು ತಿಂಗಳಿಗೆ ಅಂಚಿನ ಬಣ್ಣ ಹೋಗಿ ಪ್ಲಾಸ್ಟಿಕ್ ಕಂಡ್ರೆ ನಾವು ಕೊಟ್ಟಿದ್ದು ಏನು ಹಾಗಾದ್ರೆ.

ರಾತ್ರಿ ಹತ್ತೂಮುಕ್ಕಾಲಿಗೆ ಸ್ಪಂಜಿನ ಗೂಡುಗಳಲ್ಲಿ ಒಂದೊಂದೇ ಮಲಗಿಸಿದ್ವಿ, ಮೂರು ಸ್ಕ್ವಾಡ್, ಐದು ಭಾರಿ ಕವಚದವರು, ಮೂರು ಬೈಕ್ ಸವಾರರು, ಎರಡು ಕಾಲಿನ ಒಂದು ಯಂತ್ರ, ಬಾವುಟದವನು, ಕೊನೆಗೆ ನಾಯಕಿ. ಮುಚ್ಚಳದ ಒಳಗೆ ಒಂದು ಕಾರ್ಡ್ ಅಂಟಿಸಿದೀವಿ, ಯಾವ ಭಾಗಕ್ಕೆ ಯಾವ ಬಣ್ಣ, ಯಾವುದರ ಮೇಲೆ ಯಾವುದು, ಡ್ರೈಬ್ರಶ್ ಎಷ್ಟು ಹಗುರ ಇರ್ಬೇಕು ಅಂತೆಲ್ಲಾ ಬರೆದು. ಗೆದ್ದವರು ಮುಂದೆ ಇನ್ನೊಂದು ಸ್ಕ್ವಾಡ್ ತಂದು ಸೇರಿಸಿದ್ರೂ ಅದು ಇದೇ ಸೈನ್ಯದ್ದು ಅನ್ನಿಸ್ಬೇಕಲ್ಲ. ಅರ್ಧ ಉಳಿದಿದ್ದ ಹಸಿರು ನೀಲಿ ಬಾಟಲಿಯನ್ನೂ ಮುಚ್ಚಳ ಬಿಗಿ ಮಾಡಿ ಪಕ್ಕದ ಗೂಡಲ್ಲಿ ಇಟ್ಟಿದೀವಿ.