ಸತುವಿನ ಬ್ಯಾಟರಿಗೆ ಸ್ವಲ್ಪ ಗ್ಲೂಕೋಸ್

ನೀರಿನ ದ್ರಾವಣ ಬಳಸುವ ಸತುವಿನ ಬ್ಯಾಟರಿ ನನಗೆ ತುಂಬಾ ಇಷ್ಟ. ಬೆಂಕಿ ಹತ್ತುವ ಭಯ ಕಮ್ಮಿ. ಒಂದು ಗ್ರಾಂ ಸತುವಿನ ಸಾಮರ್ಥ್ಯ ಸುಮಾರು 820 ಮಿಲಿಆಂಪಿಯರ್-ಅವರ್. ಆದರೆ ಕಾಟ ಕೊಡುವುದೂ ಆ ನೀರೇ. ದ್ರಾವಣದಲ್ಲಿ ಪ್ರತಿ ಸತುವಿನ ಅಯಾನನ್ನು (ವಿದ್ಯುದಾವೇಶ ಇರುವ ಕಣವನ್ನು) ಆರು ನೀರಿನ ಅಣುಗಳು ಸುತ್ತುವರಿದಿರುತ್ತವೆ. ಚಾರ್ಜ್ ಮಾಡುವಾಗ ಲೋಹದ ಹತ್ತಿರ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಸತು ಸಮನಾಗಿ ಕೂರದೆ ಮುಳ್ಳಿನಂತೆ ಬೆಳೆಯುತ್ತದೆ, ಬ್ಯಾಟರಿಯ ಎರಡು ಧ್ರುವಗಳ ನಡುವಿನ ಪೊರೆ ತೂರಿದರೆ ಶಾರ್ಟ್.

ದ್ರಾವಣಕ್ಕೆ ಸ್ವಲ್ಪ ಗ್ಲೂಕೋಸ್ ಬೆರೆಸಿದರೆ ಅದು ಒಂದು ನೀರಿನ ಅಣುವಿನ ಜಾಗ ಹಿಡಿಯುತ್ತದೆ, ಸತುವಿನ ಮೈಗೂ ಅಂಟಿಕೊಳ್ಳುತ್ತದೆ. ಆಗ ಸತುವಿನ ಪದರ ನಯವಾಗಿ ಕೂರುತ್ತದೆ. ಎಷ್ಟು ಸಾದಾ ವಸ್ತು, ಅಲ್ವಾ? ಹೊಸ ಲೋಹ ಹುಡುಕುವುದಕ್ಕಿಂತ ಇಂಥ ಕೆಲಸಕ್ಕೆ ಜಾಸ್ತಿ ಗಮನ ಸಿಗಬೇಕು ಅನ್ನಿಸುತ್ತದೆ. ಅಳತೆ ಮಾತ್ರ ಮುಖ್ಯ. ಜಾಸ್ತಿ ಹಾಕಿದರೆ ದ್ರಾವಣ ಮಂದವಾಗಿ ಅಯಾನುಗಳ ಓಡಾಟವೇ ನಿಧಾನವಾಗುತ್ತದೆ.